ತೆರೆದ ಕಾರಿಗೆ ಪೂಜೆ: ಅಮ್ಮ ಒಳಗೇ ಇರಬೇಕೆ?

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡು ಏಳು ತಿಂಗಳಾಯಿತು. ಅವರು ಇದ್ದಾಗಲೇ ನಾನು ಒಂದು ಕನ್ವರ್ಟಿಬಲ್ ಕಾರು ಬುಕ್ ಮಾಡಿದ್ದೆ. ಮೇಲಿನ ಬಟ್ಟೆಯ ಛಾವಣಿ ಗುಂಡಿ ಒತ್ತಿದರೆ ಮಡಿಸಿಕೊಂಡು ಹಿಂದಕ್ಕೆ ಹೋಗುತ್ತದೆ. ಬಣ್ಣ ಆರಿಸಿದವರೂ ತಂದೆಯವರೇ. ಈಗ ಶೋರೂಮಿನವರು ಮುಂದಿನ ತಿಂಗಳು ಗಾಡಿ ಬರುತ್ತದೆ ಎನ್ನುತ್ತಿದ್ದಾರೆ. ವರ್ಷ ತುಂಬುವ ಮೊದಲು ಹೊಸ ವಾಹನ ತರಬಾರದು ಎಂದು ಕೆಲವರು ಹೇಳುತ್ತಾರೆ. ನಮ್ಮ ಸೋದರತ್ತೆ, "ತಲೆ ಮೇಲಿನ ನೆರಳು ಹೋಗಿದೆ, ಈಗ ನೆರಳಿಲ್ಲದ ಗಾಡಿ ಬೇರೆ ತರ್ತೀಯಾ?" ಎಂದು ಬೇಸರ ಮಾಡಿಕೊಂಡರು. ಪೂಜೆಯ ಹೊತ್ತಿಗೆ ಅಮ್ಮ ಎದುರಿಗೆ ಬರಬಾರದು ಎಂಬ ಮಾತೂ ಬಂದಿದೆ. ಅಮ್ಮ ತಾವೇ, "ನಾನು ಒಳಗೇ ಇರ್ತೀನಿ ಬಿಡು" ಎಂದರು. ಅದು ನನಗೆ ತಡೆಯಲಾಗುತ್ತಿಲ್ಲ. ಏನು ಮಾಡಲಿ? ಇಂಥ ಕಾರಿಗೆ ಪೂಜೆ ಹೇಗೆ?
(ಹೆಸರು ಬೇಡ ಎಂದಿದ್ದಾರೆ, ಬೆಂಗಳೂರು)

ಉತ್ತರ: ಚಿರಂಜೀವಿಗಳಿಗೆ ಆಶೀರ್ವಾದ. ಪತ್ರದಲ್ಲಿ ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಮೂರಕ್ಕೆ ಪಂಚಾಂಗ ನೋಡಿ, ಸಂಪ್ರದಾಯ ನೋಡಿ ಉತ್ತರ ಹೇಳಬಹುದು. ಅಮ್ಮನ ವಿಷಯಕ್ಕೆ ಪಂಚಾಂಗ ಬೇಕಾಗಿಲ್ಲ. ಆದರೂ ಕ್ರಮವಾಗಿ ಬರೋಣ.

ಮೊದಲು ವರ್ಷದ ಮಾತು. ತಂದೆ ತಾಯಿ ಹೋದ ಮೇಲೆ ಕರ್ಮ ಮಾಡಿದ ಮಗ ವರ್ಷ ತುಂಬುವವರೆಗೆ ಮದುವೆ, ಉಪನಯನ, ಗೃಹಪ್ರವೇಶದಂಥ ಮಂಗಳಕಾರ್ಯಗಳನ್ನು ಬಿಡುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಹಬ್ಬಗಳನ್ನೂ ಸದ್ದಿಲ್ಲದೆ ಮಾಡುತ್ತೇವೆ. ಆ ವರ್ಷವಿಡೀ ಮಗನ ಮನಸ್ಸು ಪಿತೃಕಾರ್ಯದ ಕಡೆ ಇರಲಿ ಎಂಬುದು ಅದರ ಉದ್ದೇಶ. ಇನ್ನು ವಾಹನ ಕೊಳ್ಳುವುದು ಷೋಡಶ ಸಂಸ್ಕಾರಗಳಲ್ಲಿ ಒಂದಲ್ಲ, ಅದು ವ್ಯವಹಾರ. ತಂದೆ ಇದ್ದಾಗಲೇ ಮಾತು ಕೊಟ್ಟು, ಮುಂಗಡ ಕೊಟ್ಟು ಆಗಿರುವ ವ್ಯವಹಾರ. ಅದನ್ನು ಮುಗಿಸಿದರೆ ದೋಷವಿಲ್ಲ ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಮನೆತನದ ಪುರೋಹಿತರು ಬೇರೆ ಹೇಳಿದರೆ ಅವರ ಮಾತು ಮೀರಬೇಡಿ, ಮನೆಮನೆಗೆ ಸಂಪ್ರದಾಯ ಬೇರೆ ಇರುತ್ತದೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಹೊಟ್ಟೆಪಾಡಿಗೆ ತರುವ ಗೂಡ್ಸ್ ಆಟೋ ಆಗಿದ್ದರೆ ನಾಳೆಯೇ ತನ್ನಿ ಎನ್ನುತ್ತಿದ್ದೆ. ಇದು ಸುಖಕ್ಕೆ ಕೊಂಡ ಗಾಡಿ. ಸುಖ ತಪ್ಪಲ್ಲ, ಆದರೆ ಈ ವರ್ಷ ಸಡಗರ ಬೇಡ. ಶೋರೂಮಿನಲ್ಲಿ ಕೇಕು, ಪಟಾಕಿ, ರಿಬ್ಬನ್ನು ಎಲ್ಲ ಬಿಟ್ಟುಬಿಡಿ. ಆ ತಿಂಗಳ ಮಾಸಿಕವನ್ನು ಲೋಪವಿಲ್ಲದೆ ಮಾಡಿ, ಅದಾದ ಮೇಲೆ ಗಾಡಿ ತನ್ನಿ. ಊನಮಾಸಿಕ, ತ್ರೈಪಕ್ಷಿಕ, ಊನಷಾಣ್ಮಾಸಿಕ ನಿಮಗೆ ಮುಗಿದಿರಬೇಕು. ಇನ್ನು ಉಳಿದಿರುವುದು ತಿಂಗಳ ಮಾಸಿಕಗಳು, ವರ್ಷದ ಕೊನೆಗೆ ಬರುವ ಊನಾಬ್ದಿಕ, ಆಮೇಲೆ ವರ್ಷಾಬ್ದಿಕ. ಆ ದಿನಗಳು ಮತ್ತು ಅವುಗಳ ಹಿಂದಿನ ದಿನ ಬೇಡ.

ಮುಹೂರ್ತ ಸರಳವಾಗಿ ಹೇಳ್ತೀನಿ. ವಾಹನಕ್ಕೆ ಚರ ನಕ್ಷತ್ರಗಳು ಒಳ್ಳೆಯವು: ಪುನರ್ವಸು, ಸ್ವಾತಿ, ಶ್ರವಣ, ಧನಿಷ್ಠಾ, ಶತಭಿಷ. ಚರ ಎಂದರೆ ಚಲಿಸುವಂಥದ್ದು, ಹೆಸರೇ ಹೇಳುತ್ತದೆ. ಅಶ್ವಿನಿ, ಪುಷ್ಯ, ಹಸ್ತ, ರೇವತಿಯೂ ಆಗುತ್ತದೆ. ಚೌತಿ, ನವಮಿ, ಚತುರ್ದಶಿ ಈ ಮೂರು ರಿಕ್ತ ತಿಥಿಗಳನ್ನೂ ಅಮಾವಾಸ್ಯೆಯನ್ನೂ ಬಿಡಿ. ವಾಹನಕಾರಕ ಶುಕ್ರ, ಆದ್ದರಿಂದ ಶುಕ್ರವಾರ ಅನೇಕರು ಇಷ್ಟಪಡುತ್ತಾರೆ. ಸೂರ್ಯೋದಯ 6ಕ್ಕೆ ಎಂದು ಹಿಡಿದರೆ ಅಂದು ರಾಹುಕಾಲ ಬೆಳಿಗ್ಗೆ 10.30ರಿಂದ 12. ಅದರ ಮೊದಲೇ ಮುಗಿಸಿಕೊಳ್ಳಿ. ನಿಮ್ಮ ಜನ್ಮನಕ್ಷತ್ರಕ್ಕೆ ತಾರಾಬಲ, ಚಂದ್ರಬಲವನ್ನು ಹತ್ತಿರದವರ ಬಳಿ ನೋಡಿಸಿದರೆ ಸಾಕು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನೆರಳಿಲ್ಲದ ಗಾಡಿಯ ವಿಷಯ. ಛಾವಣಿ ತೆರೆಯುವ ವಾಹನ ಅಪಶಕುನ ಎಂದು ನಾನು ಓದಿದ ಯಾವ ಗ್ರಂಥದಲ್ಲೂ ಇಲ್ಲ. ಶ್ರೀರಾಮ ಪಟ್ಟಾಭಿಷೇಕಕ್ಕೆ ಅಯೋಧ್ಯೆಯೊಳಗೆ ಬಂದದ್ದನ್ನು ನೆನಪು ಮಾಡಿಕೊಳ್ಳಿ. ರಾಮ ರಥದಲ್ಲಿ ಕೂತ, ಭರತ ಕುದುರೆಯ ಹಗ್ಗ ಹಿಡಿದ, ಶತ್ರುಘ್ನ ಛತ್ರಿ ಹಿಡಿದ, ಲಕ್ಷ್ಮಣ ಗಾಳಿ ಬೀಸಿದ. ಊರಿನ ಜನರೆಲ್ಲ ಕಣ್ಣು ತುಂಬ ನೋಡಿದರು. ಆ ರಥಕ್ಕೆ ನೆರಳಾದದ್ದು ತಮ್ಮನ ಕೈಯ ಛತ್ರಿ. ಅರ್ಜುನನ ರಥದ ಕಥೆ ಇನ್ನೂ ಹತ್ತಿರದ್ದು. ಯುದ್ಧ ಮುಗಿದ ಸಂಜೆ ಕೃಷ್ಣ ಅರ್ಜುನನಿಗೆ, ನೀನು ಗಾಂಡೀವ ಬತ್ತಳಿಕೆ ತೆಗೆದುಕೊಂಡು ಮೊದಲು ಇಳಿ ಎಂದ. ಆಮೇಲೆ ತಾನು ಇಳಿದ. ಧ್ವಜದಲ್ಲಿದ್ದ ಕಪಿಯೂ ಹೊರಟುಹೋದ. ಆ ಕ್ಷಣ ರಥ ಹೊತ್ತಿ ಉರಿದು ಬೂದಿಯಾಯಿತು. ದ್ರೋಣ, ಕರ್ಣರ ಅಸ್ತ್ರಗಳು ಅದನ್ನು ಎಂದೋ ಸುಟ್ಟಿದ್ದವು, ಕೃಷ್ಣ ಕೂತಿದ್ದ ಕಾರಣ ಅಲ್ಲಿಯವರೆಗೆ ನಿಂತಿತ್ತು ಅಷ್ಟೆ. ವಾಹನವನ್ನು ಕಾಯುವುದು ಅದರೊಳಗೆ ಯಾರು ಕೂತಿದ್ದಾರೆ, ಯಾರ ಮಾತು ಕೇಳಿ ನಡೆಸುತ್ತೀರಿ ಎಂಬುದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೊಸ ಗಾಡಿಗಳು ಸಾಲುಗಟ್ಟಿ ಬರುತ್ತವಲ್ಲ, ಆ ಧ್ವಜದ ಆಂಜನೇಯನನ್ನು ನೆನೆದರೆ ಅದು ಎಷ್ಟು ಸರಿಯಾಗಿದೆ ಅನ್ನಿಸುತ್ತೆ. ತೆರೆದ ಗಾಡಿಯವರಂತೂ ಗಾಳಿಯ ಮಗನನ್ನು ಮರೆಯಲೇಬಾರದು.

ಸೋದರತ್ತೆಯ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಅವರೂ ಒಡಹುಟ್ಟಿದವರನ್ನು ಕಳೆದುಕೊಂಡಿದ್ದಾರೆ. ನೆರಳು ಹೋಯಿತು ಎಂದದ್ದು ಕಾರಿನ ಮಾತಲ್ಲ, ಅವರ ಸಂಕಟದ ಮಾತು. ಪೂಜೆಗೆ ನೀವೇ ಹೋಗಿ ಕರೆದುಕೊಂಡು ಬನ್ನಿ.

ಈಗ ಅಮ್ಮನ ವಿಷಯ. ಇದನ್ನು ಬರೆಯುವ ಮೊದಲು ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಮೂವತ್ತು ವರ್ಷದ ಹಿಂದಿನ ಮಾತು. ಒಬ್ಬ ಹುಡುಗ ಲಗೇಜ್ ಆಟೋ ತಂದಿದ್ದ, ಪೂಜೆಗೆ ನನ್ನನ್ನು ಕರೆದ. ಆರತಿಯ ಹೊತ್ತಿಗೆ ನಾನು ರೂಢಿಯ ಬಾಯಲ್ಲಿ, "ಮುತ್ತೈದೆಯರು ಮಾತ್ರ ಮುಂದೆ ಬನ್ನಿ" ಎಂದೆ. ಹುಡುಗನ ತಾಯಿ ತಟ್ಟೆಯಲ್ಲಿ ಹೂವು ಹಿಡಿದು ನಿಂತಿದ್ದರು. ಏನೂ ಮಾತಾಡದೆ ತಟ್ಟೆಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಗೇಟಿನ ಆಚೆ ಹೋಗಿ ನಿಂತರು. ದಕ್ಷಿಣೆ ಕೊಡುವಾಗ ಆ ಹುಡುಗ ಹೇಳಿದ, ಗಾಡಿಯ ಮುಂಗಡಕ್ಕೆ ಅಮ್ಮ ಬಳೆ ಮಾರಿ ಕೊಟ್ಟರು ಅಂತ. ನಾನು ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕೂತು ಕಲಿತವನು. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ಗುರು ಶಿಷ್ಯನನ್ನು ಕಳಿಸಿಕೊಡುವಾಗ ದೇವರೆಂದು ಕಾಣಬೇಕಾದವರಲ್ಲಿ ತಾಯಿಯನ್ನೇ ಮೊದಲು ಹೇಳುತ್ತಾನೆ. ಗಂಡ ಬದುಕಿರುವ ತಾಯಿ ಎಂದು ಅಲ್ಲಿ ವಿಶೇಷಣ ಸೇರಿಸಿಲ್ಲ. ಅದನ್ನು ಸಾವಿರ ಸಲ ಸ್ವರದೊಂದಿಗೆ ಹೇಳಿದವನು ನಾನು, ಆ ದಿನ ಒಬ್ಬ ತಾಯಿಯನ್ನು ಗೇಟಿನ ಆಚೆ ನಿಲ್ಲಿಸಿದೆ. ಆಮೇಲೆ ಅವರ ಕ್ಷಮೆ ಕೇಳಲು ಆಗಲಿಲ್ಲ. ಅಂದಿನಿಂದ ಯಾವ ಪೂಜೆಯಲ್ಲೂ ಆ ಮಾತು ಆಡಿಲ್ಲ.

ಮತ್ತೆ ರಾಮಾಯಣಕ್ಕೇ ಬನ್ನಿ. ವನವಾಸ ಮುಗಿಸಿ ಬಂದ ರಾಮ ನಂದಿಗ್ರಾಮದಲ್ಲಿ ಕೌಸಲ್ಯೆಯ ಕಾಲು ಹಿಡಿದ. ದಶರಥ ಹೋಗಿ ವರ್ಷಗಳೇ ಆಗಿತ್ತು. ಪಟ್ಟಾಭಿಷೇಕದ ಮೆರವಣಿಗೆಗೆ ಹೊರಟ ವಾನರರ ಹೆಂಡತಿಯರಿಗೆಲ್ಲ ಕೌಸಲ್ಯೆಯೇ ಕೈಯಾರೆ ಅಲಂಕಾರ ಮಾಡಿದಳು. ಅದಕ್ಕಿಂತ ದೊಡ್ಡ ಮಂಗಳಕಾರ್ಯ ನಮ್ಮ ಕಥೆಗಳಲ್ಲಿ ಯಾವುದಿದೆ? ಅಲ್ಲಿ ಆಕೆಯನ್ನು ಒಳಗೆ ಇರು ಎಂದವರಿಲ್ಲ. ಪಾಂಡವರು ಕುಂತಿಯ ಮಾತು ಕೇಳದೆ ಹೆಜ್ಜೆ ಇಟ್ಟವರಲ್ಲ, ಆಕೆಯೂ ಗಂಡನನ್ನು ಕಳೆದುಕೊಂಡವಳೇ. ನೀವು ರಾಮನಿಗಿಂತ ಹೆಚ್ಚು ಶಾಸ್ತ್ರ ಪಾಲಿಸಬೇಕಾಗಿಲ್ಲ.

ಆದರೆ ಅಮ್ಮನನ್ನು ಎಳೆದು ತಂದು ನಿಲ್ಲಿಸಬೇಡಿ. "ನಾನು ಒಳಗೇ ಇರ್ತೀನಿ" ಅನ್ನುವ ಮಾತಿಗೆ ಎರಡು ಅರ್ಥ ಇರಬಹುದು. ಜನರ ಬಾಯಿಗೆ ಹೆದರಿ ಹೇಳಿದ್ದರೆ ನೀವು ಧೈರ್ಯ ಕೊಡಬೇಕು. ಅವರು ಆರಿಸಿದ ಬಣ್ಣದ ಗಾಡಿಯನ್ನು ಅವರಿಲ್ಲದೆ ನೋಡಲು ಮನಸ್ಸು ಇನ್ನೂ ಒಪ್ಪುತ್ತಿಲ್ಲ ಅಂತಿದ್ದರೆ, ಅದು ಬೇರೆ. ಒಂದು ಸಂಜೆ ಅಮ್ಮನ ಪಕ್ಕ ಕೂತು, ಬೇರೆ ಯಾರೂ ಇಲ್ಲದಾಗ ಕೇಳಿ: "ಅಮ್ಮಾ, ಈಗ ತರಲಾ, ವರ್ಷ ಆದ ಮೇಲೆ ತರಲಾ?" ಅವರು ತಡಿ ಎಂದರೆ ಐದು ತಿಂಗಳು ತಡೆಯಿರಿ. ಶೋರೂಮಿನವರಿಗೆ ಮುಂದಿನ ಸರದಿಯ ಗಾಡಿ ಕೊಡಿ ಎಂದು ಹೇಳಿ. ನಿಮ್ಮ ಮನೆಗೆ ಆ ಮಾತೇ ಮುಹೂರ್ತ. ತಾ ಎಂದರೆ ಆರತಿ ತಟ್ಟೆ ಅಮ್ಮನ ಕೈಗೇ ಕೊಡಿ, ಇನ್ನೊಂದು ಕಡೆ ನಿಮ್ಮ ಹೆಂಡತಿಯೋ ಸೋದರತ್ತೆಯೋ ಹಿಡಿಯಲಿ. ಯಾರಾದರೂ ಆಕ್ಷೇಪಿಸಿದರೆ ಈ ಪುಟ ತೋರಿಸಿ. ಪಾಪ ಬಂದರೆ ಬರೆದವನಿಗೆ ಬರಲಿ.

ಇನ್ನು ಪೂಜೆಯ ಕ್ರಮ. ಗಾಡಿಯನ್ನು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ನಿಲ್ಲಿಸಿ. ಪೂಜೆ ಮುಗಿಯುವವರೆಗೆ ಛಾವಣಿ ಮುಚ್ಚಿರಲಿ, ಕಾರಣ ಹೇಳುತ್ತೇನೆ. ಅರಿಸಿನದ ಗಣಪತಿಗೆ ಪೂಜೆ, ಸಂಕಲ್ಪ, ಕಲಶದ ನೀರನ್ನು ಮಾವಿನೆಲೆಯಿಂದ ಚಕ್ರಗಳಿಗೂ ಮುಂಭಾಗಕ್ಕೂ ಪ್ರೋಕ್ಷಣೆ. ಬಟ್ಟೆಯ ಛಾವಣಿಗೆ ಅರಿಸಿನ ಕುಂಕುಮ ತಾಗಿಸಬೇಡಿ, ಕಲೆ ಹೋಗುವುದಿಲ್ಲ. ಬಾನೆಟ್ಟಿನ ಮೇಲೆ ಗಂಧದಲ್ಲಿ ಸಣ್ಣದಾಗಿ ಸ್ವಸ್ತಿಕ ಬರೆದು ಸಂಜೆ ಒರೆಸಿದರೆ ಸಾಕು. ಅಕ್ಷತೆ, ಹೂವಿನ ಎಸಳು ಮೇಲಿಂದ ಎರಚಬೇಡಿ. ಇಂಥ ಗಾಡಿಯಲ್ಲಿ ಛಾವಣಿ ಕೂರುವ ಜಾಗದ ಸುತ್ತ ನೀರು ಹರಿದು ಹೋಗುವ ಸಣ್ಣ ಕಾಲುವೆಯೂ ತೂತುಗಳೂ ಇರುತ್ತವೆ. ಅಲ್ಲಿ ಅಕ್ಕಿ, ಹೂವು ಸೇರಿ ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ. ಅಕ್ಷತೆಯನ್ನು ಚಕ್ರದ ಬಳಿ ಇಡಿ, ಉಳಿದದ್ದನ್ನು ಅಮ್ಮ ನಿಮ್ಮ ತಲೆಯ ಮೇಲೆ ಹಾಕಲಿ. ಕರ್ಪೂರದಾರತಿಯನ್ನು ಮೂರು ನಾಲ್ಕು ಅಡಿ ದೂರದಿಂದ ಮಾಡಿ, ಬಟ್ಟೆಗೆ ಕಿಡಿ ಹಾರಬಾರದು. ಊದುಬತ್ತಿಯನ್ನು ಗಾಡಿಯ ಒಳಗೆ ಸಿಕ್ಕಿಸಬೇಡಿ.

ಒಳಗಿಡುವ ದೇವರ ಮೂರ್ತಿ ಹಗುರಾಗಿ, ಚಿಕ್ಕದಾಗಿರಲಿ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಇರುವ ಮುಚ್ಚಳದ ಮೇಲೆ ಅಂಟಿಸಬೇಡಿ, ಅದು ಬಿಚ್ಚಿಕೊಂಡರೆ ಮೂರ್ತಿ ಗುಂಡಿನಂತೆ ಬರುತ್ತದೆ. ಕನ್ನಡಿಗೆ ನಿಂಬೆ, ಮೆಣಸಿನಕಾಯಿ, ಮಣಿಸರ ತೂಗುಹಾಕಿ ದಾರಿ ಮರೆಮಾಡಬೇಡಿ.

ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ನಿಧಾನವಾಗಿ ಮುಂದಕ್ಕೆ ಹೋಗಿ, ನಂತರ ಸಿಪ್ಪೆಗಳನ್ನು ನೀವೇ ಎತ್ತಿ. ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆಯಬೇಡಿ. ಆಯುಧಪೂಜೆಯ ಮಾರನೆಯ ದಿನ ಬೆಂಗಳೂರಿನ ರಸ್ತೆಗಳಲ್ಲಿ ಕುಂಬಳಕಾಯಿಯ ಮೇಲೆ ಸ್ಕೂಟರ್ ಜಾರಿ ಬೀಳುವವರನ್ನು ನೋಡಿದ್ದೀರಲ್ಲ. ನಮ್ಮ ದೃಷ್ಟಿ ತೆಗೆಯಲು ಹೋಗಿ ಇನ್ನೊಬ್ಬರ ಕಾಲು ಮುರಿದರೆ ಆ ಪೂಜೆಯ ಫಲ ಏನು? ಪಕ್ಕದಲ್ಲಿ ಒಡೆದು, ಗುಡಿಸಿ ತೆಗೆದುಬಿಡಿ.

ಛಾವಣಿಯನ್ನು ಎಲ್ಲ ಮುಗಿದ ಮೇಲೆ ತೆರೆಯಿರಿ. ಡಿಕ್ಕಿಯಲ್ಲಿ ಛಾವಣಿ ಮಡಿಸಿ ಕೂರುವ ಜಾಗದಲ್ಲಿ ತೆಂಗಿನಕಾಯಿ, ಪೂಜೆಯ ಚೀಲ ಇಲ್ಲವೆಂದು ನೋಡಿಕೊಳ್ಳಿ. ಎರಡೇ ಬಾಗಿಲಿನ ಗಾಡಿಯಾದ್ದರಿಂದ ಹಿಂದಿನ ಸೀಟಿಗೆ ಬಗ್ಗಿ ತೂರಬೇಕು. ಅದು ಅಮ್ಮನಿಗೆ ಕಷ್ಟ, ಮುಂದಿನ ಸೀಟು ಅವರಿಗೆ ಕೊಡಿ. ಬೆಲ್ಟ್ ನೀವೇ ಹಾಕಿಕೊಡಿ. ಮಕ್ಕಳು ರಥದಲ್ಲಿ ನಿಂತ ಹಾಗೆ ಸೀಟಿನ ಮೇಲೆ ನಿಲ್ಲಲು ಬಿಡಬೇಡಿ, ಎಷ್ಟೇ ಹಟ ಮಾಡಲಿ. ಮೊದಲ ಪ್ರಯಾಣ ದೇವಸ್ಥಾನಕ್ಕೆ, ನಿಧಾನವಾಗಿ.

ದೃಷ್ಟಿಯ ಬಗ್ಗೆ ಕೊನೆಯ ಮಾತು. ತೆರೆದ ಗಾಡಿಯಲ್ಲಿ ಹೋಗುವವರನ್ನು ಜನ ನೋಡುತ್ತಾರೆ, ನೋಡದೆ ಇರಲಿ ಅನ್ನುವ ಮಂತ್ರ ನನ್ನ ಬಳಿ ಇಲ್ಲ. ಆದರೆ ಕೂತವರಿಗೂ ಜನ ಕಾಣುತ್ತಾರೆ. ಸಿಗ್ನಲ್ಲಿನಲ್ಲಿ ಬಿಸಿಲಿಗೆ ನಿಂತ ಹೂವಿನ ಹುಡುಗಿ, ಮಳೆಯಲ್ಲಿ ನೆನೆಯುವ ಊಟದ ಡೆಲಿವರಿ ಹುಡುಗ ಗಾಜಿನ ಹಿಂದೆ ಇರುವುದಿಲ್ಲ, ಕೈಯಳತೆಯಲ್ಲಿ ಇರುತ್ತಾರೆ. ಅವರ ಮೇಲೆ ಕೆಸರು ಹಾರಿಸದೆ, ಹಾರ್ನ್ ಹೊಡೆದು ಹೆದರಿಸದೆ ಹೋದರೆ ಅದೇ ದೃಷ್ಟಿ ಪರಿಹಾರ. ತಂದೆಯವರ ಮುಂದಿನ ಮಾಸಿಕದಂದು ಹತ್ತು ಜನಕ್ಕೆ ಊಟ ಹಾಕಿ, ಗಾಡಿಯ ಹೆಸರಿನಲ್ಲಿ ಬೇರೆ ಹೋಮ ಬೇಕಾಗಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಶುಭಮಸ್ತು.