ಬೀಗ ಮುರಿದವನು ಕಳ್ಳನೇ?

ಗೋದಾಮಿನ ಬೀಗ ಮುರಿದು ಭತ್ತ ಹೊತ್ತೊಯ್ದವನನ್ನು ನಾವು ಕಳ್ಳ ಅಂತೀವಿ. ಆ ಭತ್ತವನ್ನು ಅವನ ಕಣದಿಂದಲೇ ತಂದು ಬೀಗ ಜಡಿದವನನ್ನು ಏನಂತ ಕರೆಯೋಣ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟದ್ದು 1945ರ ಉತ್ತರ ವಿಯೆಟ್ನಾಂ.

1940ರಲ್ಲಿ ಜಪಾನಿ ಸೈನ್ಯ ಅಲ್ಲಿಗೆ ನುಗ್ಗಿತು. ಮೊದಲೇ ಕೂತಿದ್ದ ಫ್ರೆಂಚ್ ದೊರೆಗಳನ್ನು ಓಡಿಸಲಿಲ್ಲ. 1945ರ ಮಾರ್ಚ್‌ವರೆಗೂ ಅವರ ಕೈಯಿಂದಲೇ ಕೆಲಸ ತೆಗೆಸಿತು. ಒಂದೇ ಹೆಗಲಿಗೆ ಎರಡು ನೊಗ. ಇಷ್ಟು ಗದ್ದೆಗೆ ಇಷ್ಟು ಭತ್ತ ಅಂತ ಕಟ್ಟುಮಾಡಿ, ಪೇಟೆ ಧಾರಣೆಗಿಂತ ಎಷ್ಟೋ ಕಮ್ಮಿ ಬೆಲೆಗೆ ಕಿತ್ತುಕೊಂಡರು. ನಮ್ಮ ಹಿರೀಕರು ಇಂಥದ್ದನ್ನೇ ಲೆವಿ ಅನ್ನುತ್ತಿದ್ದರು. ಬೆಳೆ ಕೈಕೊಟ್ಟರೂ ಬಿಡುಗಡೆಯಿಲ್ಲ. ಇಲ್ಲದವನು ದುಬಾರಿಗೆ ಕೊಂಡು ತಂದು ಅಗ್ಗಕ್ಕೆ ಅಳೆಯಬೇಕು. ಅಳೆಸಿಕೊಂಡವರಲ್ಲಿ ಅದೇ ಊರಿನ ದೊಡ್ಡವರೂ ಇದ್ದರು.

ಯುದ್ಧದಿಂದಾಗಿ ಬಂಗಾಳದ ಸೆಣಬು ಜಪಾನಿಗೆ ಸಿಗದಾಯಿತು. ಗೋಣಿಗೆ, ಹಗ್ಗಕ್ಕೆ ಸೆಣಬು ಬೇಕಲ್ಲ! ಭತ್ತ ಬೆಳೆಯುವ ನೆಲದಲ್ಲಿ ಸೆಣಬು ಬಿತ್ತಿಸಿದರು. ಚೀಲ ಬೆಳೆಯಿತು, ಚೀಲಕ್ಕೆ ತುಂಬುವ ಕಾಳು ಹೋಯಿತು. ದಕ್ಷಿಣದ ಮೆಕಾಂಗ್ ಬಯಲಿನಲ್ಲಿ ಅಕ್ಕಿ ಇತ್ತು. ಕಲ್ಲಿದ್ದಲು ಬರುತ್ತಿಲ್ಲವೆಂದು ಅಲ್ಲಿ ಅದನ್ನು ವಿದ್ಯುತ್ ಕಾರ್ಖಾನೆಯ ಒಲೆಗೆ ಸುರಿದು ಸುಟ್ಟರು. ಅನ್ನ ಉಣ್ಣುವವರು ಈ ಮಾತನ್ನು ಇನ್ನೊಮ್ಮೆ ಓದಬೇಕು.

ಬಿರುಗಾಳಿ ಬಂತು, ನೆರೆ ಬಂತು, ಅದಕ್ಕೇ ಸತ್ತರು ಅನ್ನುವವರಿದ್ದಾರೆ. 1944ರಲ್ಲಿ ಬಂದದ್ದು ನಿಜ. ಬಿರುಗಾಳಿ ಪೈರನ್ನು ಮಲಗಿಸಿತು. ಅದಕ್ಕೂ ಮೊದಲೇ ಮನೆಯ ವಾಡೆ ಬರಿದು ಮಾಡಿದವರು ಯಾರು? ದಕ್ಷಿಣದ ಅಕ್ಕಿ ಉತ್ತರಕ್ಕೆ ಬರುವ ರೈಲುದಾರಿಯನ್ನು ಅಮೆರಿಕದ ಬಾಂಬು ಕಡಿಯಿತು. ಜಪಾನನ್ನು ಸೋಲಿಸಲು ಬಂದ ಬಾಂಬು ಅಂತ ಅದಕ್ಕೆ ಮಾಫಿ ಕೊಡೋಣವೇ? ಹಸಿದವನಿಗೆ ಮಿತ್ರರಾಷ್ಟ್ರ, ಶತ್ರುರಾಷ್ಟ್ರ ಅಂತ ಎರಡು ಹೊಟ್ಟೆ ಇರೋದಿಲ್ಲ. ಹಾಗಂತ ಹೊಣೆಯನ್ನು ಎಲ್ಲರಿಗೂ ಸಮನಾಗಿ ಹಂಚುವುದಕ್ಕೆ ನಾವು ತಯಾರಿಲ್ಲ. ಗದ್ದೆ, ಕಣಜ ಎರಡನ್ನೂ ಕೈಯಲ್ಲಿಟ್ಟುಕೊಂಡು, ಜನ ಬೀದಿಯಲ್ಲಿ ಬಿದ್ದು ಸಾಯುವಾಗಲೂ ಬೀಗ ತೆಗೆಯದವನ ಪಾಲೇ ದೊಡ್ಡದು.

ಸತ್ತವರ ಲೆಕ್ಕ ಇಂದಿಗೂ ಕೂಡಿಬಂದಿಲ್ಲ. 4 ಲಕ್ಷದಿಂದ 20 ಲಕ್ಷದವರೆಗೆ ಹೇಳುತ್ತಾರೆ. 1945ರ ಸೆಪ್ಟೆಂಬರ್ 2ರಂದು ಹನೋಯಿಯಲ್ಲಿ ಸ್ವಾತಂತ್ರ್ಯ ಸಾರುತ್ತ ಹೊ ಚಿ ಮಿನ್ ಹೇಳಿದ್ದು 20 ಲಕ್ಷಕ್ಕೂ ಹೆಚ್ಚು ಎಂದು.

ಆ ವರ್ಷ ವಿಯೆಟ್‌ಮಿನ್ ಕಾರ್ಯಕರ್ತರು ಹಳ್ಳಿಗಳಲ್ಲಿ ಕೂಗಿ ಹೇಳಿದರು: ಕಣಜ ಒಡೆಯಿರಿ. ಅದು ಸಂಘಟನೆ ಕಟ್ಟುವ ಉಪಾಯ ಅನ್ನುತ್ತಾರೆ. ಇರಬಹುದು, ಕಟ್ಟಿತು ಕೂಡ. ಆದರೆ ಕುಕ್ಕೆ ಹಿಡಿದು ಹೋದ ಹೆಂಗಸು ತಾನೇ ನೆಟ್ಟ ಭತ್ತವನ್ನು ಮನೆಗೆ ತರಲು ಹೋದಳು. ಜೂನ್ ಹೊತ್ತಿಗೆ ಹೊಸ ಪೈರು ಕುಯ್ಲಿಗೆ ಬಂತು. ಥಾಯ್ ಬಿನ್ ಕಡೆಯ ಎಷ್ಟೋ ಮನೆಗಳಲ್ಲಿ ಕುಡುಗೋಲು ಹಿಡಿಯುವವರು ಉಳಿದಿರಲಿಲ್ಲ.