ಹುಡುಗ ಮುಂದೆ ಬರುತ್ತಾನೆಯೇ?

ಮಕ್ಕಳ ವಿಷಯದಲ್ಲಿ ನಮ್ಮವರು ಕೇಳುವ ಮುಖ್ಯ ಪ್ರಶ್ನೆ ಒಂದೇ: “ಹುಡುಗ ಮುಂದೆ ಬರುತ್ತಾನೆಯೇ?” ಓದಿನ ವಿಷಯವಾದರೆ ಮಾಸ್ತರರನ್ನು ಕೇಳುತ್ತೇವೆ, ಹಾಡಿನ ವಿಷಯವಾದರೆ ಸಂಗೀತ ಕಲಿಸುವವರನ್ನು, ಆಟದ ವಿಷಯವಾದರೆ ಮೈದಾನದಲ್ಲಿ ಸೀಟಿ ಹಿಡಿದು ನಿಂತವರನ್ನು. ಕೇಳುವ ದನಿಯಲ್ಲಿ ಆಸೆಯಿರುತ್ತದೆ, ಲೆಕ್ಕಾಚಾರವೂ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲೋ ಆಫೀಸಿನಲ್ಲೋ ದುಡಿದು ತಂದ ಸಂಬಳದಲ್ಲಿ ಮನೆ ಬಾಡಿಗೆ ಕಟ್ಟಿ, ಊರಿಗೆ ಕಳುಹಿಸುವುದನ್ನು ಕಳುಹಿಸಿ, ಉಳಿದದ್ದರಲ್ಲಿ ಮಗನಿಗೆ ಸ್ಟಿಕ್ಕು, ಬೂಟು ಕೊಡಿಸಿ, ಬೆಳಗಿನ ಲೋಕಲ್‌ನಲ್ಲಿ ಠಾಣೆಯಿಂದ ವಿ.ಟಿ.ಗೆ (ನಮ್ಮ ಬಾಯಿಗೆ ಅದು ಇನ್ನೂ ವಿ.ಟಿ.ಯೇ), ಅಲ್ಲಿಂದ ಚರ್ಚ್‌ಗೇಟ್ ಬಳಿಯ ಹಾಕಿ ಮೈದಾನಕ್ಕೆ ಕರೆದೊಯ್ಯುವ ತಂದೆ ಈ ಪ್ರಶ್ನೆ ಕೇಳದೆ ಇರಲಾರ. ನಮ್ಮ ವಿಚಾರ ಇರುವುದು ಕೇಳುವವರ ಬಗ್ಗೆ ಅಲ್ಲ; ಉತ್ತರ ಕೊಡುವವರ ಬಗ್ಗೆ. ಹದಿನಾಲ್ಕು ವರ್ಷದ ಹುಡುಗನೊಬ್ಬನ ಭವಿಷ್ಯವನ್ನು ಹೇಳುವ ಅಧಿಕಾರ ಯಾರಿಗಿದೆ? ಇದ್ದರೆ ಎಷ್ಟರ ಮಟ್ಟಿಗೆ ಇದೆ?

ವಾಗ್ಳೆ ಎಸ್ಟೇಟಿನ ರಸ್ತೆಗಳಲ್ಲಿ ಭಾನುವಾರ ಕಾಣುವ ಆಟ ಕ್ರಿಕೆಟ್ಟು ಎಂಬುದು ನಿಜ. ಆದರೂ ಹಾಕಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಕ್ರಿಕೆಟ್ಟಿನಲ್ಲಿ ಕೋಟಿಗಳ ಮಾತು ಬಂದು ವಿಚಾರ ಎಲ್ಲೋ ಹೋಗಿಬಿಡುತ್ತದೆ. ಹಾಕಿಯ ಏಣಿಗೆ ಮೆಟ್ಟಿಲು ಕಡಿಮೆ, ಎಲ್ಲವೂ ಕಣ್ಣಿಗೆ ಕಾಣುತ್ತವೆ: ಶಾಲೆಯ ತಂಡ, ಜಿಲ್ಲೆಯ ತಂಡ, ರಾಜ್ಯದ ಸಬ್ ಜೂನಿಯರ್, ಜೂನಿಯರ್, ಆಮೇಲೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ತೈಲ ಕಂಪೆನಿಯಲ್ಲೋ ಕ್ರೀಡಾಪಟುವಿಗೆ ಸಿಗುವ ನೌಕರಿ, ಅದರಾಚೆ ದೇಶದ ತಂಡ. ನಮ್ಮ ಎಷ್ಟೋ ಮನೆಗಳಲ್ಲಿ ‘ಮುಂದೆ ಬರುವುದು’ ಎಂದರೆ ಒಲಿಂಪಿಕ್ಸ್ ಅಲ್ಲ, ಆ ನೌಕರಿಯೇ. ಮೇಲಾಗಿ ಹಾಕಿ ನಮ್ಮ ಕೊಡಗಿನ ಆಟ. ಕೊಡಗಿನ ಮನೆತನದ ಎಂ. ಎಂ. ಸೋಮಯ್ಯನವರು ಮುಂಬಯಿಯ ಮೈದಾನಗಳಲ್ಲಿ ಹೆಸರು ಮಾಡಿ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರೂ ಆದರು. (‘ಹುಡುಗ’ ಎಂದೇ ಬರೆಯುತ್ತಿದ್ದೇವೆ. ಹುಡುಗಿಯರ ವಿಷಯದಲ್ಲಿ ನಮ್ಮವರು ಈ ಪ್ರಶ್ನೆಯನ್ನು ಕೇಳುವುದೇ ಕಡಿಮೆ. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು.)

ಆಯ್ಕೆ ನಡೆಯುವ ಬಗೆಯನ್ನು ಹತ್ತಿರ ನಿಂತು ನೋಡಬೇಕು. ಬೆಳಿಗ್ಗೆ ಹುಡುಗರ ದಂಡೇ ಬಂದಿರುತ್ತದೆ. ಒಬ್ಬರನ್ನೊಬ್ಬರು ಅರಿಯದ ಹನ್ನೊಂದು ಜನರನ್ನು ಒಂದು ತಂಡ ಮಾಡಿ ಇಪ್ಪತ್ತೋ ಇಪ್ಪತ್ತೈದೋ ನಿಮಿಷ ಆಡಿಸುತ್ತಾರೆ. ಗೋಲು ಹೊಡೆದವನನ್ನು ನಾವೆಲ್ಲರೂ ನೋಡುತ್ತೇವೆ. ಬಲ್ಲವರು ನೋಡುವುದು ಬೇರೆ: ಚೆಂಡು ತನ್ನ ಬಳಿಗೆ ಬರುವ ಮೊದಲು ಹುಡುಗ ಕತ್ತೆತ್ತಿ ಸುತ್ತ ನೋಡಿದನೇ? ಬಂದ ಚೆಂಡು ಸ್ಟಿಕ್ಕಿಗೆ ತಗಲಿ ಅಲ್ಲೇ ನಿಂತಿತೇ, ಎರಡು ಮಾರು ಆಚೆ ಸಿಡಿಯಿತೇ? ಚೆಂಡು ಕಳೆದುಕೊಂಡ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತನೇ, ಓಡಿ ಹಿಂದಕ್ಕೆ ಬಂದನೇ? ಇದೊಂದು ವಿದ್ಯೆ, ನಾವು ಅದನ್ನು ಹಗುರಾಗಿ ಕಾಣುವುದಿಲ್ಲ. ಆದರೆ ಆ ಕಣ್ಣಿಗೂ ಬೀಳದ ಸಂಗತಿಗಳುಂಟು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ಅಂದಿನಿಂದ ದೊಡ್ಡ ಪಂದ್ಯಗಳೆಲ್ಲ ಕ್ರಮೇಣ ಅಲ್ಲಿಗೇ ಹೋದವು. ಮಣ್ಣಿನ ಮೇಲೆ ಚೆಂಡು ಪುಟಿಯುತ್ತದೆ, ತಡವರಿಸುತ್ತದೆ; ಹಾಸಿನ ಮೇಲೆ ನೆಟ್ಟಗೆ, ಜೋರಾಗಿ ಬರುತ್ತದೆ. ಐದಾರು ವರ್ಷ ಮಣ್ಣಿನಲ್ಲಿ ಕಲಿತು, ಆಯ್ಕೆಯ ದಿನವೇ ಮೊದಲ ಸಲ ಹಾಸಿನ ಮೇಲೆ ಕಾಲಿಟ್ಟವನ ಚೆಂಡು ಎರಡು ಮಾರು ಸಿಡಿದರೆ, ಅದು ಕೈಯ ಗುಣವೋ ನೆಲದ ಗುಣವೋ?

ವಯಸ್ಸಿನ ಮಾತು ಇನ್ನೂ ಸೂಕ್ಷ್ಮವಾದುದು. ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಎಂದರೆ ಜನಕ್ಕೆ ಪ್ರಾಣ. ಅಲ್ಲಿ ಹುಡುಗರನ್ನು ಎಳೆವಯಸ್ಸಿನಲ್ಲೇ ಅಳೆದು, ದರ್ಜೆ ದರ್ಜೆಯಾಗಿ ಮೇಲಕ್ಕೆ ಕಳುಹಿಸುವ ಏರ್ಪಾಡು ಬಹಳ ವ್ಯವಸ್ಥಿತ. ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞರು ಜೊತೆಗಾರರೊಡನೆ 1985ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಮೇಲಿನ ದರ್ಜೆಗೆ ಏರಿದವರಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರು ಹೆಚ್ಚು. ವರ್ಷದ ಕೊನೆಯಲ್ಲಿ ಹುಟ್ಟಿದವರು ಕಡಿಮೆ. ಇದೇನು ಜಾತಕದ ಮಹಿಮೆಯಲ್ಲ. ಅಲ್ಲಿ ವಯೋಮಿತಿಯನ್ನು ಎಣಿಸುವುದು ಜನವರಿ 1ರಿಂದ. ಡಿಸೆಂಬರಿನಲ್ಲಿ ಹುಟ್ಟಿದ ಮಗು ಜನವರಿಯ ಮಗುವಿಗಿಂತ ಹನ್ನೊಂದು ತಿಂಗಳು ಚಿಕ್ಕದು; ಎಂಟು ಒಂಬತ್ತರ ವಯಸ್ಸಿನಲ್ಲಿ ಅದು ದೊಡ್ಡ ಅಂತರ. ದೊಡ್ಡದಾಗಿ ಕಂಡವನನ್ನು ‘ಪ್ರತಿಭಾವಂತ’ ಎಂದು ಆರಿಸಿದರು, ಅವನಿಗೆ ಒಳ್ಳೆಯ ತರಬೇತಿ ಸಿಕ್ಕಿತು, ಹೆಚ್ಚು ಪಂದ್ಯ ಸಿಕ್ಕಿತು, ಕೊನೆಗೆ ಅವನು ನಿಜವಾಗಿಯೂ ಒಳ್ಳೆಯ ಆಟಗಾರನಾದ. ಅಂದರೆ ಭವಿಷ್ಯ ಹೇಳಿದವರೇ ತಮಗೆ ತಿಳಿಯದಂತೆ ಆ ಭವಿಷ್ಯವನ್ನು ಕಟ್ಟಿಯೂ ಕೊಟ್ಟರು! ನಮ್ಮ ಹಿರಿಯರಲ್ಲಿ ಅನೇಕರಿಗೆ ಜೂನ್ 1ರ ಹುಟ್ಟುಹಬ್ಬ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಬರೆದುಕೊಂಡ ತಾರೀಕು ಅದು. ವಯಸ್ಸು ಎಂಬುದು ಕಾಗದದ ಮೇಲೆ ಒಂದು, ಮೈಯಲ್ಲಿ ಇನ್ನೊಂದು ಎಂಬುದು ನಮಗೆ ಕೆನಡಾದವರು ಹೇಳಿ ತಿಳಿಯಬೇಕಾದ ವಿಷಯವೇನಲ್ಲ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಇಲ್ಲಿ ಹೇಳುವವರುಂಟು. ಗಾದೆ ಒಳ್ಳೆಯದೇ. ಆದರೆ ನೇಜಿ ನೆಟ್ಟು ಬಲ್ಲವರನ್ನು ಕೇಳಿ: ಎತ್ತರದ ಸಸಿಗಳನ್ನಷ್ಟೇ ಆರಿಸಿ ಗದ್ದೆಗೆ ಕೊಟ್ಟು, ಉಳಿದದ್ದನ್ನೆಲ್ಲ ಬದುವಿಗೆ ಎಸೆಯುವ ರೈತನನ್ನು ಅವರು ಕಂಡಿದ್ದಾರೆಯೇ? ಕೊಡಗಿನ ಎಂ. ಪಿ. ಗಣೇಶ್ ಅವರು 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕರು. ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಜಿಲ್ಲೆಗೆ ಆಡುತ್ತಿದ್ದದ್ದು ಫುಟ್‌ಬಾಲ್. ಸರ್ವಿಸಸ್ ತಂಡದ ಪರವಾಗಿ ಹಾಕಿ ಆಡಿದ್ದು ಆಮೇಲೆ. ಹದಿನಾರರಲ್ಲಿ ಅವರನ್ನು ಹಾಕಿಯ ಆಯ್ಕೆಗಾರರು ಅಳೆಯುವುದಾದರೂ ಹೇಗೆ? ಪುಣೆಯ ಖಡಕಿಯ ಧನರಾಜ್ ಪಿಳ್ಳೈ ಮುರಿದ ಸ್ಟಿಕ್ಕುಗಳಲ್ಲಿ ಆಟ ಕಲಿತು, ಮುಂಬಯಿಯಲ್ಲಿ ಆಡುತ್ತಿದ್ದ ಅಣ್ಣನ ಬಳಿಗೆ ಬಂದು, 1992ರಿಂದ 2004ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದವರು.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. 2016ರಲ್ಲಿ ಲಖನೌದಲ್ಲಿ ಭಾರತದ ಹುಡುಗರು ಜೂನಿಯರ್ ವಿಶ್ವಕಪ್ ಗೆದ್ದರು. ಐದು ವರ್ಷದ ಮೇಲೆ, 2021ರಲ್ಲಿ, ಟೋಕಿಯೋದಲ್ಲಿ ಭಾರತಕ್ಕೆ 41 ವರ್ಷಗಳ ಬಳಿಕ ಹಾಕಿಯ ಪದಕ ಬಂದಾಗ ಆ ಹುಡುಗರಲ್ಲಿ ಹರ್ಮನ್‌ಪ್ರೀತ್, ಮನ್‌ದೀಪ್, ಸಿಮ್ರನ್‌ಜೀತ್ ಮೊದಲಾದ ಕೆಲವರು ಅಲ್ಲಿದ್ದರು. ಜೂನಿಯರ್ ಕಪ್ಪನ್ನು ಕೈಯಲ್ಲಿ ಎತ್ತಿ ಹಿಡಿದಿದ್ದ ನಾಯಕ ಹರ್ಜೀತ್ ಸಿಂಗ್ ಇರಲಿಲ್ಲ. ಲೋಕದಲ್ಲೇ ಶ್ರೇಷ್ಠರೆನಿಸಿದ ಹದಿಹರೆಯದವರ ವಿಷಯದಲ್ಲೇ ಹೀಗಾದರೆ, ಠಾಣೆ ಜಿಲ್ಲೆಯ ಆಯ್ಕೆಯಲ್ಲಿ ಹೆಸರು ಬಂದ ಅಥವಾ ಬಾರದ ಹುಡುಗನ ಬಗ್ಗೆ ಯಾರು ಏನು ತಾನೇ ಹೇಳಿಯಾರು?

ಹಾಗೆಂದು ಆಯ್ಕೆಯೇ ಅನ್ಯಾಯ ಎಂದು ನಾವು ಹೇಳುವುದಿಲ್ಲ. ಒಂದು ತಂಡಕ್ಕೆ 18 ಜನ ಸಾಕು. ನೂರು ಮಂದಿ ಬಂದರೆ 82 ಮಂದಿ ಮನೆಗೆ ಹೋಗಲೇಬೇಕು. ಬರುವ ತಿಂಗಳ ಪಂದ್ಯಕ್ಕೆ ಇಂದು ಯಾರು ಉತ್ತಮ ಎಂದು ಕೇಳಿದರೆ ಬಲ್ಲವರು ಧಾರಾಳವಾಗಿ ಹೇಳಲಿ; ಅದು ಅವರ ಕೆಲಸ. ಕಷ್ಟ ಬರುವುದು ಆ ಉತ್ತರವನ್ನೇ ಇನ್ನೊಂದು ಪ್ರಶ್ನೆಗೂ ಕೊಟ್ಟಾಗ. “ಈ ತಂಡದಲ್ಲಿ ನಿನಗೆ ಜಾಗವಿಲ್ಲ” ಎಂಬುದು ಒಂದು ಮಾತು, “ನಿನ್ನ ಕೈಯಲ್ಲಿ ಆಗುವುದಿಲ್ಲ” ಎಂಬುದು ಇನ್ನೊಂದು. ಮೊದಲನೆಯದು ತಂಡದ ಬಗ್ಗೆ. ಎರಡನೆಯದು ಹುಡುಗನ ಬಗ್ಗೆ. ಹೇಳುವವರಿಗೆ ವ್ಯತ್ಯಾಸ ತೋರದೆ ಹೋಗಬಹುದು. ಕೇಳಿಸಿಕೊಂಡವನು ಎರಡನೆಯದನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಾನೆ. ನಮ್ಮ ನೆರೆಯಲ್ಲೇ ಅಂಥ ಒಬ್ಬ ಹುಡುಗ ಇದ್ದಾನೆ. ಸ್ಟಿಕ್ಕನ್ನು ಅಟ್ಟದ ಮೇಲೆ ಹಾಕಿದ್ದಾನೆ. ಅವನ ಹೆಸರು ಪಟ್ಟಿಯಲ್ಲಿ ಬಾರದ್ದರಿಂದ ಅಲ್ಲ, ಪಟ್ಟಿ ಓದಿದ ಮೇಲೆ ದೊಡ್ಡವರೊಬ್ಬರು ಆಡಿದ ಒಂದು ಮಾತಿನಿಂದ.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕುಳಿತ ಹುಡುಗರನ್ನು ಅಂದು ಯಾರಾದರೂ ಒಂದು ಬೆಳಗಿನಲ್ಲಿ ಅಳೆದು ನೋಡಿದ್ದರೆ ಏನು ಬರೆಯುತ್ತಿದ್ದರು? ಅವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ. ಆ ಶಾಲೆಗಳನ್ನು ಕಟ್ಟಿದ ಹಿರಿಯರು ‘ಇವರಲ್ಲಿ ಯಾರು ಮುಂದೆ ಬರುತ್ತಾರೆ’ ಎಂದು ಮೊದಲೇ ಕೇಳಿ ಬಾಗಿಲು ತೆರೆದವರಲ್ಲ.

ಆದರೆ ಇದೇ ವಾದವನ್ನು ಅತಿಗೆ ಎಳೆಯಬಾರದು. ಧನರಾಜರ ಕಥೆ ಹೇಳಿ ಒಬ್ಬ ಬಡ ತಂದೆಯಿಂದ ವರ್ಷ ವರ್ಷವೂ ತರಬೇತಿಯ ಫೀಸು ವಸೂಲು ಮಾಡುವವರನ್ನೂ ನಾವು ಬಲ್ಲೆವು. ಮುರಿದ ಸ್ಟಿಕ್ಕಿನಲ್ಲಿ ಕಲಿತವರು ಧನರಾಜ್ ಒಬ್ಬರೇ ಅಲ್ಲ. ಉಳಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ. ಲೆಕ್ಕ ಸರಳವಾಗಿದೆ. ಒಂದು ರಾಜ್ಯದ ಸಬ್ ಜೂನಿಯರ್ ತಂಡಕ್ಕೆ 18 ಜನ ಎಂದರೆ, 25 ತಂಡ ಹಿಡಿದರೂ ಒಂದು ವರ್ಷಕ್ಕೆ 450 ಹುಡುಗರಾದರು. ಒಲಿಂಪಿಕ್ಸ್ ತಂಡದಲ್ಲಿ 16 ಜಾಗ, ಅದೂ ನಾಲ್ಕು ವರ್ಷಕ್ಕೊಮ್ಮೆ. ಒಮ್ಮೆ ಒಳಹೊಕ್ಕವರು ಎಂಟು ಹತ್ತು ವರ್ಷ ಅಲ್ಲೇ ಇರುವುದೂ ಉಂಟು. ರಾಜ್ಯಕ್ಕೆ ಆಡಿದ ಹುಡುಗನಿಗೇ ದಾರಿ ಇಷ್ಟು ಕಿರಿದು. ಇದನ್ನು ಮುಚ್ಚಿಟ್ಟು “ಖಂಡಿತ ಮುಂದೆ ಬರುತ್ತಾನೆ, ಬಿಡಿಸಬೇಡಿ” ಎನ್ನುವವರು, “ಆಗುವುದಿಲ್ಲ” ಎನ್ನುವವರಿಗಿಂತ ದಯಾವಂತರೇನಲ್ಲ. ಇಬ್ಬರೂ ತಮಗೆ ತಿಳಿಯದ್ದನ್ನೇ ಹೇಳುತ್ತಿದ್ದಾರೆ. ಒಬ್ಬರ ಮಾತು ಸಿಹಿ, ಇನ್ನೊಬ್ಬರದು ಕಹಿ.

ಹಾಗಾದರೆ ಆ ತಂದೆಗೆ ಏನು ಹೇಳಬೇಕು? ನೋಡಿದ್ದನ್ನು ನೋಡಿದ ಹಾಗೆ ಹೇಳಬಹುದು: “ಈ ಭಾನುವಾರ, ಈ ಮೈದಾನದಲ್ಲಿ ನೋಡಿದೆ. ಓಟ ಚೆನ್ನಾಗಿದೆ. ಚೆಂಡು ಇನ್ನೂ ಕೈಗೆ ನಿಲ್ಲುತ್ತಿಲ್ಲ. ಈ ವರ್ಷ ತಂಡಕ್ಕೆ ಆಗದು. ಆರು ತಿಂಗಳು ಹಾಸಿನ ಮೇಲೆ ಅಭ್ಯಾಸ ಮಾಡಿಸಿದರೆ ಮತ್ತೆ ನೋಡೋಣ. ನೌಕರಿಯನ್ನು ನೆಚ್ಚಿ ಎಸ್.ಎಸ್.ಸಿ. ಬಿಡಿಸಬೇಡಿ.” ಇದರಲ್ಲಿ ತಾರೀಕಿದೆ, ಸ್ಥಳವಿದೆ, ತಿದ್ದಿಕೊಳ್ಳಲು ದಾರಿಯಿದೆ, ಅಪಾಯದ ಎಚ್ಚರಿಕೆಯೂ ಇದೆ. ವೈದ್ಯರ ಚೀಟಿಯ ಮೇಲೆ ತಾರೀಕು ಇರುವ ಹಾಗೆ ಇಂಥ ಅಭಿಪ್ರಾಯದ ಮೇಲೂ ತಾರೀಕು ಇರಬೇಕು. ಹೋದ ವರ್ಷದ ಚೀಟಿ ತೋರಿಸಿ ಈ ವರ್ಷ ಔಷಧಿ ತರುವವರುಂಟೇ?

ಇನ್ನು ಆಯ್ಕೆಯಾಗದ ಆ 82 ಮಂದಿ. ಅವರ ಬಗ್ಗೆ ಯೋಚಿಸುವಾಗ ನಮಗೆ ಕೊಡಗಿನ ಕೌಟುಂಬಿಕ ಹಾಕಿ ನೆನಪಾಗುತ್ತದೆ. ಪಾಂಡಂಡ ಕುಟ್ಟಪ್ಪನವರ ಯೋಚನೆಯಂತೆ 1997ರಲ್ಲಿ ಕರಡ ಗ್ರಾಮದಲ್ಲಿ ಅದು ಆರಂಭವಾದಾಗ ಆಡಿದ್ದು 60 ಮನೆತನಗಳು. 2024ರಲ್ಲಿ ಕುಂಡ್ಯೋಳಂಡ ಮನೆತನದವರು ನಾಪೋಕ್ಲುವಿನಲ್ಲಿ ನಡೆಸಿದಾಗ 360 ಮನೆತನಗಳು ಬಂದವು. ದೇಶಕ್ಕೆ ಆಡಿದವರೂ ಅಲ್ಲಿ ಆಡುತ್ತಾರೆ. ಅವರ ಪಕ್ಕದಲ್ಲೇ ಅತ್ತಿಗೆ ಆಡುತ್ತಾಳೆ, ತಲೆ ನರೆತ ದೊಡ್ಡಪ್ಪ ಆಡುತ್ತಾರೆ, ಶಾಲೆಗೆ ಹೋಗುವ ಹುಡುಗ ಆಡುತ್ತಾನೆ. ಅಲ್ಲಿ ತಂಡಕ್ಕೆ ಸೇರಲು ಬೇಕಾದದ್ದು ಮನೆತನದ ಹೆಸರು. ಅದೇ ನೆಲದಿಂದ ದೇಶದ ತಂಡಕ್ಕೆ ಆಟಗಾರರು ಬರುತ್ತಲೇ ಇದ್ದಾರೆ ಎಂಬುದನ್ನೂ ಗಮನಿಸಬೇಕು. ಎಲ್ಲರನ್ನೂ ಆಡಿಸಿದರೆ ಮಟ್ಟ ಇಳಿಯುತ್ತದೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ.

ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಮೊದಲ ಮೂವರಿಗೆ ಬಹುಮಾನ ಕೊಟ್ಟು ಫೋಟೋ ತೆಗೆಸಿ ಮನೆಗೆ ಬರುತ್ತೇವೆ. ಅದು ನಡೆಯಲಿ. ಅದರ ಜೊತೆಗೆ, ವಾಗ್ಳೆ ಎಸ್ಟೇಟಿನ ಆಸುಪಾಸಿನ ಯಾವುದಾದರೂ ಶಾಲೆಯ ಮೈದಾನವನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಮಟ್ಟಿಗೆ ಕೇಳಿ ಪಡೆದರೆ, ಬಂದವರನ್ನೆಲ್ಲ ಎರಡು ತಂಡ ಮಾಡಿ ಆಡಿಸಬಹುದು. ಸ್ಟಿಕ್ಕು ಇಲ್ಲದವರಿಗೆ ಅಟ್ಟದ ಮೇಲಿರುವ ಹಳೆಯ ಸ್ಟಿಕ್ಕುಗಳು ಸಾಕು. ಅರ್ಜಿ ಬರೆಯಲು ಒಬ್ಬರು, ಸೀಟಿ ಊದಲು ಇನ್ನೊಬ್ಬರು ಬೇಕಾದಾರು.