ಎಮ್ಮಾವು ದಾರಿಯಲ್ಲಿ ಮೊದಲು ಕೇಳಿದ್ದು



2016ರ ಜೂನ್ 12ರಂದು ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ, ಸಲಿಂಗಾಸಕ್ತರು ಸೇರುತ್ತಿದ್ದ ನೈಟ್‌ಕ್ಲಬ್ಬೊಂದರಲ್ಲಿ ಬಂದೂಕುಧಾರಿಯೊಬ್ಬ 49 ಮಂದಿಯನ್ನು ಕೊಂದ. ಸತ್ತವರು ಯಾರೆಂದು ಬಾಯಿಬಿಟ್ಟು ಹೇಳಿ ದುಃಖಿಸಿದ ಧರ್ಮಾಧ್ಯಕ್ಷರು ಕೆಲವರೇ. ಈ ಮೌನ ಯೇಸುಸಭೆಯ ಗುರು ಜೇಮ್ಸ್ ಮಾರ್ಟಿನ್‌ರನ್ನು ಕಾಡಿತು. ಮರುವರ್ಷ ಅವರು ಧರ್ಮಸಭೆಗೂ ಇವರಿಗೂ ನಡುವೆ ಸೇತುವೆ ಕಟ್ಟುವ ಬಗ್ಗೆ ಪುಸ್ತಕವನ್ನೇ ಬರೆದರು. ಅವರು ಆಧಾರವಾಗಿ ಹಿಡಿದದ್ದು ಹೊಸದೇನಲ್ಲ, 1992ರ ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದ: ಇವರನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕೆಂಬ ಬೋಧನೆ. ಅದರ ಹಿಂದುಮುಂದಿನ ಪರಿಚ್ಛೇದಗಳು ನಮಗೆ ಬಾಯಿಪಾಠ. ಇದೊಂದು ಮಾತ್ರ ಮರೆತುಹೋಗುತ್ತದೆ!

ಸಂತ ಲೂಕರ ಶುಭಸಂದೇಶದ ಎಮ್ಮಾವು ದಾರಿಯನ್ನು ನೆನೆಯಿರಿ. ಇಬ್ಬರು ಶಿಷ್ಯರು ಜೆರುಸಲೇಮಿಗೆ ಬೆನ್ನು ಹಾಕಿ ನಡೆದಿದ್ದರು. ಪ್ರಭು ಅವರನ್ನು ಅಡ್ಡಗಟ್ಟಲಿಲ್ಲ, ಜೊತೆಗೆ ಹೆಜ್ಜೆ ಹಾಕಿದರು. ಏನು ಮಾತಾಡುತ್ತಿದ್ದೀರಿ ಎಂದು ಕೇಳಿ, ಎಲ್ಲ ಬಲ್ಲವರಾದರೂ ಪೂರ್ತಿ ಆಲಿಸಿದರು. ಗದರಿದ್ದು ಆಮೇಲೆ, ಪವಿತ್ರ ಗ್ರಂಥವನ್ನು ವಿವರಿಸಿದ್ದೂ ಆಮೇಲೆಯೇ.

ತಂದೆತಾಯಿಗಳೇ, ನಮ್ಮಲ್ಲಿ ಈ ಕ್ರಮ ತಲೆಕೆಳಗು. ಮಗ ಬಾಯಿ ತೆರೆಯುವ ಮುನ್ನವೇ ಉಪದೇಶ ಮುಗಿದಿರುತ್ತದೆ. ಆಮೇಲೆ ಅವನು ಬಲಿಪೂಜೆಗೆ ಬರುವುದಿಲ್ಲ, ಮನೆಗೂ ಬರುವುದಿಲ್ಲ. ಸಂಜೆಯ ಜಪಸರಕ್ಕೆ ಒಂದು ದನಿ ಕಡಿಮೆ. ವಿವಾಹ ಸಂಸ್ಕಾರದ ಬೋಧನೆ ಬದಲಾಗಿಲ್ಲ, ಅದು ಅವನಿಗೂ ಗೊತ್ತು, ಚಿಕ್ಕಂದಿನಲ್ಲಿ ಕಲಿಸಿದವರು ನೀವೇ. ಅವನಿಗೆ ಗೊತ್ತಿಲ್ಲದಿರುವುದು, ಊಟದ ಹೊತ್ತಿಗೆ ತನಗಿನ್ನೂ ಆ ಮನೆಯಲ್ಲಿ ತಟ್ಟೆ ಇಡುತ್ತಾರೆಯೇ ಎಂಬುದು. ಈ ವಾರವೇ ಫೋನ್ ಮಾಡಿ, ಬಾ ಎನ್ನಿ. ಬಂದ ಮೇಲೆ, ಹೇಗಿದ್ದೀಯಪ್ಪಾ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಕುಳಿತಿರಿ.